"ಸಾಹೇಬ್ರ ಮೂಡ್ ಹೇಗಿದೆ?"

"ಮೇಡಂ, ನಮ್ಮಲ್ಲಿ ಇಬ್ಬರಿಗೆ ಆಗಿಬರ್ತಿಲ್ಲ. ಒಂದ್ಸಲ ಕೂರಿಸಿ ರಾಜಿ ಮಾಡಿಸಿ." ಸಿಬ್ಬಂದಿಯ ನಡುವಿನ ತೊಡಕುಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಖಾಸಗಿ ಆಸ್ಪತ್ರೆಗಳಿಂದ ನನಗೆ ಬರುವ ಕರೆಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಒಬ್ಬರು ಹಿರಿಯ ಸ್ಟಾಫ್ ನರ್ಸ್. ಇನ್ನೊಬ್ಬರು ಅವರ ಮಗನ ವಯಸ್ಸಿನ ಡ್ಯೂಟಿ ಡಾಕ್ಟರ್. ಒಂದು ರಾತ್ರಿ ರೋಗಿಯ ಕಡೆಯವರ ಎದುರಿಗೇ ಡಾಕ್ಟರ್ ರೇಗಿದ್ದರು. "ಇಷ್ಟು ವರ್ಷ ಸರ್ವಿಸ್ ಮಾಡಿ ಇಷ್ಟೂ ಗೊತ್ತಾಗಲ್ವಾ?" ಅಂದಿದ್ದರು. ಅಂದಿನಿಂದ ಇಬ್ಬರ ನಡುವೆ ಮಾತು ಬಂದ್.

ಸಿಸ್ಟರ್ ಜೊತೆಗಿನ ಮೊದಲ ಭೇಟಿಯ ಬಹುಪಾಲು ಆ ಅವಮಾನದ ಬಗ್ಗೆಯೇ ಹೋಯಿತು. ಹೋಗಲಿ ಅಂತ ನಾನೂ ಬಿಟ್ಟೆ. ಕೊನೆಗೆ, "ಈಗ ರಾತ್ರಿ ಪೇಷೆಂಟ್‌ಗೆ ಏನಾದ್ರೂ ಆದ್ರೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಮೊದ್ಲು ಕೆಳಗಡೆ ಸೆಕ್ಯುರಿಟಿ ಅಣ್ಣಂಗೆ ಫೋನ್ ಮಾಡ್ತೀನಿ. ಸಾಹೇಬ್ರು ಮಲಗಿದ್ದಾರಾ, ಮೂಡ್ ಹೇಗಿದೆ ಅಂತ. ಸರಿ ಇಲ್ಲ ಅಂದ್ರೆ ಸ್ವಲ್ಪ ಕಾಯ್ತೀನಿ."

"ಎಷ್ಟು ಹೊತ್ತು ಕಾಯ್ತೀರಿ?"

"ಬಿ.ಪಿ. ಇನ್ನೂ ಸ್ವಲ್ಪ ಇಳಿಯೋ ತನಕ. ಆಗ ಕರೆದ್ರೆ ಬೈಯಲ್ಲ. ಕಾರಣ ಇರುತ್ತೆ ಅಲ್ವಾ ಮೇಡಂ?"

ದಿನಚರಿ ಹೇಳುವ ಹಾಗೆ ಹೇಳಿದರು. ಕೆಟ್ಟ ನರ್ಸ್ ಅಲ್ಲ ಅವರು, ಆ ವಾರ್ಡನ್ನು ನಡೆಸುತ್ತಿದ್ದವರೇ ಅವರು. ಬೈಸಿಕೊಳ್ಳದೆ ನೈಟ್ ಡ್ಯೂಟಿ ಮುಗಿಸಲು ಒಂದು ದಾರಿ ಕಂಡುಕೊಂಡಿದ್ದರು, ಅಷ್ಟೇ. "ಹೊಂದಿಕೊಂಡು ಹೋಗಿ" ಎಂದು ಆಸ್ಪತ್ರೆ ಸಿಬ್ಬಂದಿಗೆ ನಾನು ಹೇಳದಿರುವುದು ಇದಕ್ಕೇ. ಅವರು ಆಗಲೇ ಹೊಂದಿಕೊಂಡಿದ್ದರು. ಆ ಹೊಂದಾಣಿಕೆಯ ಬೆಲೆಯನ್ನು ಬೆಡ್ ಮೇಲಿದ್ದವರು ಕೊಡಬೇಕಾಗಿತ್ತು.

ಡಾಕ್ಟರನ್ನು ಬೇರೆಯಾಗಿ ಕಂಡೆ. ಹಿಂದಿನ ಬೆಳಗ್ಗೆ ಡ್ಯೂಟಿಗೆ ಬಂದವರು ಇನ್ನೂ ಮನೆಗೆ ಹೋಗಿರಲಿಲ್ಲ. "ರಾತ್ರಿ ಮೂರು ಗಂಟೆಗೆ ಎಬ್ಬಿಸಿ 'ಸರ್, ಪೇಷೆಂಟ್ ಯಾಕೋ ಸರಿ ಇಲ್ಲ' ಅಂದ್ರೆ ನಾನೇನು ಅರ್ಥ ಮಾಡ್ಕೊಳ್ಳಲಿ?" ಎಂದರು. ಕೂಗಾಡಿದ್ದು ತಪ್ಪೇ. ಆದರೆ ಆ ಪ್ರಶ್ನೆ ತಪ್ಪಲ್ಲ.

ಹಾಗಾಗಿ ರಾಜಿ ಮಾಡಿಸಲಿಲ್ಲ. ಕೈ ಕುಲುಕಿಸಲಿಲ್ಲ. ಫೋನ್ ಮಾಡುವ ರೀತಿಯನ್ನೇ ಬದಲಿಸಲು ಹೇಳಿದೆ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು, ಈ ಕ್ರಮದಲ್ಲಿ. ಇದಕ್ಕೆ ಎಸ್‌ಬಿಎಆರ್ (ಸಿಚುಯೇಷನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಅನ್ನುತ್ತಾರೆ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಬಳಕೆಗೆ ಬಂದದ್ದು, ಆಮೇಲೆ ಆಸ್ಪತ್ರೆಗಳಿಗೆ ಬಂತು. ಸಿಸ್ಟರ್ ಜೊತೆ ಕೂತು ಅಭ್ಯಾಸ ಮಾಡಿದೆವು. "ಸರ್, ಏಳನೇ ಬೆಡ್, ಬಿ.ಪಿ. 90ಕ್ಕೆ ಇಳಿದಿದೆ, ಪಲ್ಸ್ 120. ನಿನ್ನೆ ಹೊಟ್ಟೆ ಆಪರೇಷನ್ ಆದವರು. ಒಳಗೆ ಬ್ಲೀಡಿಂಗ್ ಇರಬಹುದು ಅನ್ನಿಸುತ್ತೆ. ನೀವು ಈಗಲೇ ಬಂದು ನೋಡಬೇಕು."

ಕೊನೆಯ ಎರಡು ವಾಕ್ಯ ಅವರ ಬಾಯಿಂದ ಬರಲೇ ಇಲ್ಲ. "ನಾನು ಹಾಗಂದ್ರೆ ಅಧಿಕಪ್ರಸಂಗ ಆಗಲ್ವಾ?" ಎಂದರು. ನನ್ನ ಸಲಹೆಯ ತಿರುಳೇ ಆ ಎರಡು ವಾಕ್ಯ ಎಂದು ಒತ್ತಿ ಹೇಳಿದೆ. ಡಾಕ್ಟರಿಗೂ ಒಂದು ಕೆಲಸ ಕೊಟ್ಟೆ. ಫೋನಿನಲ್ಲಿ ಹೇಳಿದ ಔಷಧಿ, ಡೋಸ್ ಎರಡನ್ನೂ ಸಿಸ್ಟರ್ ತಿರುಗಿ ಹೇಳುವವರೆಗೆ ಕಟ್ ಮಾಡಬಾರದು. ಸಿಟ್ಟು ಬಂದರೆ ಬರಲಿ, ಆದರೆ ಮಾತು ರೋಗಿಯ ಕಡೆಯವರ ಎದುರು ಬೇಡ. ಬೆಳಗ್ಗೆ ಡ್ಯೂಟಿ ಬದಲಾಗುವ ಮುಂಚೆ ಬಾಗಿಲು ಹಾಕಿ ಆಡಲಿ.

"ಕೂಗಾಡಿದ್ದು ಡಾಕ್ಟರ್, ಪಾಠ ಮಾತ್ರ ನರ್ಸ್‌ಗಾ?" ಎಂದು ನನ್ನದೇ ವೃತ್ತಿಯ ಗೆಳತಿಯೊಬ್ಬರು ಆಕ್ಷೇಪಿಸಿದರು. ನ್ಯಾಯವಾದ ಪ್ರಶ್ನೆ. ಆದರೆ ಡಾಕ್ಟರ್ ಕ್ಷಮೆ ಕೇಳುವವರೆಗೆ ಏಳನೇ ಬೆಡ್‌ನವರು ಕಾಯಲಾರರು. ಕ್ಷಮೆ ಬೇಡ ಅಂತಲ್ಲ, ಅದು ಬಂದಾಗ ಬರಲಿ. ಸಿಸ್ಟರ್ ಕೈಯಲ್ಲಿ ಅಲ್ಲಿಯವರೆಗೆ ಏನಾದರೂ ಇರಬೇಕಲ್ವಾ?

ಅದಕ್ಕೇ ಮ್ಯಾನೇಜ್‌ಮೆಂಟ್‌ಗೂ ಬರೆದುಕೊಟ್ಟೆ. ಬಿ.ಪಿ., ಪಲ್ಸ್, ಆಕ್ಸಿಜನ್ ಎಷ್ಟಾದರೆ ಫೋನ್ ಮಾಡಲೇಬೇಕು ಎನ್ನುವುದನ್ನು ಡಾಕ್ಟರ್‌ಗಳೇ ಕೂತು ತೀರ್ಮಾನಿಸಿ ನರ್ಸ್ ಟೇಬಲ್ ಎದುರು ಅಂಟಿಸಬೇಕು. ಆಗ ಕರೆಯುವುದು ಸಿಸ್ಟರ್‌ನ ಧೈರ್ಯದ ವಿಷಯ ಅಲ್ಲ, ರೂಲ್. ಆಸ್ಪತ್ರೆಯ ಮಾಲೀಕರು ಸರ್ಜನ್. "ಇದೆಲ್ಲ ದೊಡ್ಡ ಆಸ್ಪತ್ರೆಗೆ ಸರಿ" ಎಂದರು. ಅವರದೇ ಆಪರೇಷನ್ ಥಿಯೇಟರ್ ಗೋಡೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟ್ ಇತ್ತು. ಕತ್ತರಿಸುವ ಮುಂಚೆ ತಂಡದ ಎಲ್ಲರೂ ಹೆಸರು, ಕೆಲಸ ಹೇಳಿಕೊಳ್ಳಬೇಕು ಎನ್ನುತ್ತದೆ ಅದು. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿ 2009ರಲ್ಲಿ ವರದಿ ಬಂದಾಗ, ಸರ್ಜರಿ ನಂತರದ ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಥಿಯೇಟರ್‌ನಲ್ಲಿ ನರ್ಸ್ ಮಾತಾಡಬಹುದಾದರೆ ವಾರ್ಡಿನಲ್ಲಿ ಯಾಕೆ ಬೇಡ ಎಂದು ಕೇಳಿದೆ. ಸುಮ್ಮನಾದರು. ಚೀಟಿ ಅಂಟಿಸಿದರು.

ಆ ಇಬ್ಬರು ಈಗಲೂ ಆಪ್ತರಲ್ಲ. ಒಟ್ಟಿಗೆ ಟೀ ಕುಡಿಯುವುದಿಲ್ಲ, ಕುಡಿಯಲೇಬೇಕು ಅಂತೇನೂ ಇಲ್ಲ. ಸೆಕ್ಯುರಿಟಿ ಅಣ್ಣನಿಗೆ ಮೂಡ್ ವಿಚಾರಿಸುವ ಫೋನ್ ಬರುತ್ತಿಲ್ಲ. ಇಡೀ ಹಗಲು ದುಡಿದ ಡಾಕ್ಟರನ್ನೇ ಅದೇ ರಾತ್ರಿ ಡ್ಯೂಟಿಗೆ ಹಾಕುವ ಪಟ್ಟಿ ಮಾತ್ರ ಹಾಗೇ ಇದೆ. "ಜನ ಸಿಗಲ್ಲ ಮೇಡಂ" ಅನ್ನುತ್ತಾರೆ ಮಾಲೀಕರು. ಮುಂದಿನ ಭೇಟಿಗೆ ಆ ಪಟ್ಟಿಯನ್ನೇ ತರಲು ಹೇಳಿದ್ದೇನೆ.