ಕಡಿಮೆ ಬೆಲೆಯ ಬೋಲ್ಟ್ ಆಕ್ಷನ್ ಬೇಟೆ ರೈಫಲ್ ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು?

ಮೊದಲ ಬೇಟೆ ರೈಫಲ್ ಕೊಳ್ಳಲು ಹೊರಟಿರುವ ನೀವು, ಕಡಿಮೆ ಬೆಲೆಯ ಬೋಲ್ಟ್ ಆಕ್ಷನ್ (ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಕೈಯಿಂದ ಹಿಂದೆಮುಂದೆ ಸರಿಸಿ ತೋಟಾ ತುಂಬುವ) ರೈಫಲ್ಲಿನ ಗುರಿಯನ್ನು ನಂಬಬಹುದೇ ಎಂದೂ, ಈಡು ಹೊಡೆದು ನೋಡಲು ಅವಕಾಶವಿಲ್ಲದ ಅಂಗಡಿಯಲ್ಲಿ ಏನನ್ನು ಪರೀಕ್ಷಿಸಬೇಕೆಂದೂ ಕೇಳಿದ್ದೀರಿ. ಗುರಿಯನ್ನು ಬಹುಮಟ್ಟಿಗೆ ನಂಬಬಹುದು. ಎಚ್ಚರಿಕೆ ಬೇಕಾದದ್ದು ಉಳಿದ ಭಾಗಗಳ ವಿಷಯದಲ್ಲಿ. ಅವುಗಳನ್ನು ಪರೀಕ್ಷಿಸಲು ಒಂದು ಗುಂಡೂ ಬೇಡ, ಕೈ, ಕಣ್ಣು ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು.

ಇಂದಿನ ಅಗ್ಗದ ರೈಫಲ್‌ಗಳಲ್ಲಿ ತಯಾರಕರು ನಳಿಗೆಯ ಗುಣಮಟ್ಟವನ್ನು ಹೆಚ್ಚು ಬಲಿಗೊಡುವುದಿಲ್ಲ. 1958ರಲ್ಲಿ ಬಂದ ಸ್ಯಾವೇಜ್ 110 ರೈಫಲ್ಲಿನಲ್ಲಿ ನಳಿಗೆಯನ್ನು ಒಂದು ನಟ್‌ನಿಂದ ಬಿಗಿದು, ಹೆಡ್‌ಸ್ಪೇಸ್ ಅನ್ನು, ಅಂದರೆ ಮುಚ್ಚಿದ ಬೋಲ್ಟಿನ ಮುಖಕ್ಕೂ ನಳಿಗೆಯ ಹಿಂತುದಿಯ ಗೂಡಾದ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರವನ್ನು, ಜೋಡಣೆಯ ವೇಳೆಯಲ್ಲೇ ಸರಿಹೊಂದಿಸಲಾಗುತ್ತಿತ್ತು. ಕುಶಲಕರ್ಮಿಯೊಬ್ಬ ಗಂಟೆಗಟ್ಟಲೆ ಉಜ್ಜಿ ಕೂಡಿಸಬೇಕಾದ ಕೆಲಸ ಅದರಿಂದ ಉಳಿಯಿತು. ಇಂಥ ವಿಧಾನಗಳು ಬೆಲೆಯನ್ನು ಇಳಿಸಿದವೇ ಹೊರತು ಗುರಿಯನ್ನು ಕೆಡಿಸಲಿಲ್ಲ. ನಿಜವಾದ ಉಳಿತಾಯ ನಡೆಯುವುದು ಸ್ಟಾಕ್ (ನಳಿಗೆಯನ್ನು ಹೊತ್ತ ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿ), ಮ್ಯಾಗಜೀನ್ (ತೋಟಾ ಪೆಟ್ಟಿಗೆ), ಬೋಲ್ಟಿನ ನಯಗಾರಿಕೆ ಮತ್ತು ಜೊತೆಗೆ ಕೊಡುವ ಟೆಲಿಸ್ಕೋಪಿನಲ್ಲಿ.

ಹಾಗಾಗಿ ಜಾಹೀರಾತಿನಲ್ಲಿ ಕಾಣುವ ಮೂರು ಗುಂಡುಗಳ ಪುಟ್ಟ ಗುಂಪಿನ ಚಿತ್ರವನ್ನು ನೋಡಿ ತೀರ್ಮಾನಿಸಬೇಡಿ. ಅದೇ ರೈಫಲ್ಲಿನಿಂದ ಹತ್ತು ಗುಂಡು ಹೊಡೆದರೆ ಗುಂಪಿನ ಅಗಲ ಸರಾಸರಿಯಲ್ಲಿ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಇದು ರೈಫಲ್ಲಿನ ದೋಷವಲ್ಲ, ಸಂಖ್ಯೆಗಳ ಸ್ವಭಾವ. ಗುಂಪಿನ ಅಗಲವನ್ನು ಅಳೆಯುವ ಒಂದು ಮಿನಿಟ್ ಕೋನ, ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು, 100 ಮೀಟರಿನಲ್ಲಿ ಸುಮಾರು 29 ಮಿಲಿಮೀಟರ್. ಎರಡು ಮಿನಿಟ್‌ಗಳೊಳಗೆ ಹೊಡೆಯುವ ಸಾಧಾರಣ ರೈಫಲ್ 200 ಮೀಟರಿನಲ್ಲಿ ಸುಮಾರು 12 ಸೆಂಟಿಮೀಟರ್ ಅಗಲದಲ್ಲಿ ಗುಂಡುಗಳನ್ನು ಇಡುತ್ತದೆ. ಜಿಂಕೆಯ ಗಾತ್ರದ ಪ್ರಾಣಿಯ ಹೃದಯ ಮತ್ತು ಶ್ವಾಸಕೋಶದ ಭಾಗ ಸುಮಾರು 20 ಸೆಂಟಿಮೀಟರ್ ಅಗಲವಿರುವುದರಿಂದ ಆ ದೂರಕ್ಕೆ ರೈಫಲ್ಲಿನ ಮಟ್ಟಿಗೆ ಅಷ್ಟು ಸಾಕು.

ನಾನು ಮೊದಲು ಕೈಯಿಡುವುದು ಸ್ಟಾಕಿನ ಮುಂಭಾಗದ ಮೇಲೆ. ನಾನು ಕೊಂಡ ಮೊದಲ ಅಗ್ಗದ ರೈಫಲ್ ಮೇಜಿನ ಮೇಲೆ ಮರಳು ಚೀಲಕ್ಕೆ ಇಟ್ಟು ಹೊಡೆದಾಗ ಗುಂಡುಗಳನ್ನು ಚೆನ್ನಾಗಿಯೇ ಒಂದೆಡೆ ಕೂಡಿಸುತ್ತಿತ್ತು; ರೈಫಲ್ಲಿನ ಬೆಲ್ಟನ್ನು ಎಡತೋಳಿಗೆ ಬಿಗಿದು ಕುಳಿತು ಹೊಡೆದಾಗ ಮಾತ್ರ ಗುಂಡು ಎಡಕ್ಕೂ ಕೆಳಕ್ಕೂ ಸರಿಯುತ್ತಿತ್ತು. ಇಡೀ ಋತು ನಾನು ನನ್ನ ಕೈಯನ್ನೇ ಶಂಕಿಸಿದೆ. ಗಾಯಗೊಂಡು ಓಡಿದ ಒಂದು ಜಿಂಕೆಯನ್ನು ಕತ್ತಲಾಗುವವರೆಗೆ ಹುಡುಕಿದ ದಿನದ ನೋವು ನನ್ನಲ್ಲಿ ಇನ್ನೂ ಉಳಿದಿದೆ. ಕಡೆಗೆ ಕಂಡದ್ದೇನೆಂದರೆ, ಟೊಳ್ಳಾದ ಪ್ಲಾಸ್ಟಿಕ್ ಸ್ಟಾಕ್ ಬೆಲ್ಟಿನ ಸೆಳೆತಕ್ಕೆ ಬಾಗಿ ನಳಿಗೆಯನ್ನು ಒತ್ತುತ್ತಿತ್ತು. ಆದ್ದರಿಂದ ಸ್ಟಾಕಿನ ತುದಿಯಿಂದ ಒಂದು ಕಾಗದದ ಪಟ್ಟಿಯನ್ನು ನಳಿಗೆಯ ಕೆಳಗೆ ತೂರಿಸಿ ಹಿಂದಕ್ಕೆ ಎಳೆಯಿರಿ. ರಿಸೀವರಿನ (ನಳಿಗೆ ಕೂಡುವ, ಬೋಲ್ಟ್ ಓಡಾಡುವ ಲೋಹದ ಚೌಕಟ್ಟಿನ) ಸಮೀಪದವರೆಗೂ ಎಲ್ಲಿಯೂ ಸಿಕ್ಕಿಕೊಳ್ಳದೆ ಜಾರಬೇಕು. ಆಮೇಲೆ ನಳಿಗೆಯನ್ನೂ ಸ್ಟಾಕನ್ನೂ ಸೇರಿಸಿ ಹಿಡಿದು ಮೇಲಿಂದ, ಎರಡೂ ಪಕ್ಕಗಳಿಂದ ಅಮುಕಿ ನೋಡಿ. ಕೈಯ ಸಾಧಾರಣ ಬಲಕ್ಕೇ ಎರಡೂ ತಾಗಿದರೆ ಆ ರೈಫಲ್ಲನ್ನು ನಾನು ಕೆಳಗಿಡುತ್ತೇನೆ, ಬೆಲೆ ಎಷ್ಟೇ ಇರಲಿ.

ಎರಡನೆಯದು ತೋಟಾ ಒಳಹೋಗಿ ಹೊರಬರುವ ಬಗೆ. ಬೋಲ್ಟ್ ಒರಟಾಗಿ ಕೆರೆದಂತೆ ಸಾಗಿದರೆ ಅಂಜಬೇಕಿಲ್ಲ. ಕೆಲವು ನೂರು ಬಾರಿ ಎಳೆದು ತಳ್ಳುವಷ್ಟರಲ್ಲಿ ಅದು ನಯವಾಗುತ್ತದೆ. ಮ್ಯಾಗಜೀನಿನ ದೋಷ ಹಾಗೆ ಬಳಕೆಯಿಂದ ಮಾಯವಾಗುವಂಥದ್ದಲ್ಲ. 1898ರ ಮೌಸರ್ ವಿನ್ಯಾಸದಲ್ಲಿ ಉದ್ದನೆಯ ಎಕ್ಸ್‌ಟ್ರ್ಯಾಕ್ಟರ್ (ತೋಟಾವನ್ನು ಹಿಡಿದು ಹೊರಗೆಳೆಯುವ ಕೊಕ್ಕೆ) ತೋಟಾ ಮ್ಯಾಗಜೀನಿನಿಂದ ಏಳುತ್ತಿದ್ದಂತೆಯೇ ಅದರ ಅಂಚನ್ನು ಹಿಡಿಯುತ್ತದೆ. ಅಗ್ಗದ ರೈಫಲ್‌ಗಳಲ್ಲಿ ಬಹುಪಾಲು ಬೋಲ್ಟ್ ತೋಟಾವನ್ನು ಬರಿದೆ ಮುಂದಕ್ಕೆ ತಳ್ಳುತ್ತದೆ, ಹಿಡಿತ ಸಿಗುವುದು ಬೋಲ್ಟ್ ಮುಚ್ಚುವ ಹೊತ್ತಿಗೆ. ಈ ಎರಡನೆಯ ಬಗೆಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಮ್ಯಾಗಜೀನಿನ ತುಟಿಗಳು ತೋಟಾವನ್ನು ಸರಿಯಾದ ಕೋನದಲ್ಲಿ ಬಿಡಬೇಕು. ಮದ್ದಿಲ್ಲದ ಅಣಕು ತೋಟಾಗಳನ್ನು ಮ್ಯಾಗಜೀನ್ ತುಂಬ ಹಾಕಿ, ಒಮ್ಮೆ ಬಿರುಸಾಗಿ, ಒಮ್ಮೆ ತೀರಾ ನಿಧಾನವಾಗಿ, ಒಮ್ಮೆ ರೈಫಲ್ಲನ್ನು ಪಕ್ಕಕ್ಕೆ ವಾಲಿಸಿ ಬೋಲ್ಟನ್ನು ಆಡಿಸಿರಿ. ಕೊನೆಯ ತೋಟಾವನ್ನು ವಿಶೇಷವಾಗಿ ಗಮನಿಸಿ, ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅದೇ. ತುಂಬಿದ ಮ್ಯಾಗಜೀನ್ ಮುಚ್ಚಿದ ಬೋಲ್ಟಿನ ಕೆಳಗೆ ಭದ್ರವಾಗಿ ಕೂರುತ್ತದೆಯೇ, ಅದರ ಪ್ಲಾಸ್ಟಿಕ್ ಕೊಂಡಿ ಅಂಗೈ ತಗಲಿದ ಮಾತ್ರಕ್ಕೆ ಬಿಚ್ಚಿಕೊಳ್ಳುತ್ತದೆಯೇ ಎಂಬುದನ್ನೂ ನೋಡಿ.

ಸುರಕ್ಷತೆಯ ಪರೀಕ್ಷೆಗೆ ಮುನ್ನ ಚೇಂಬರ್ ಮತ್ತು ಮ್ಯಾಗಜೀನ್ ಎರಡೂ ಖಾಲಿ ಇವೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ, ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿಯಿರಿ, ಅಂಗಡಿಯವರ ಒಪ್ಪಿಗೆ ಪಡೆಯಿರಿ. ಸೇಫ್ಟಿ ಹಾಕಿ ಟ್ರಿಗರನ್ನು ಬಲವಾಗಿ ಎಳೆದು ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ. ಆ ಕ್ಷಣದಲ್ಲಿ ಫೈರಿಂಗ್ ಪಿನ್ (ತೋಟಾಕ್ಕೆ ಬಡಿದು ಸಿಡಿಸುವ ಮೊಳೆ) ಬಿದ್ದ ಶಬ್ದ ಬಂದರೆ ಅಂಥ ರೈಫಲ್ಲನ್ನು ಪುಕ್ಕಟೆಯಾಗಿ ಕೊಟ್ಟರೂ ತೆಗೆದುಕೊಳ್ಳಬಾರದು. ಬೋಲ್ಟನ್ನು ರಭಸದಿಂದ ಮುಚ್ಚಿದಾಗಲೂ, ಹೆಗಲಿಗೆ ಒತ್ತುವ ಬಟ್ಟಿಗೆ ಅಂಗೈಯಿಂದ ಗುದ್ದಿದಾಗಲೂ ಫೈರಿಂಗ್ ಪಿನ್ ಬೀಳಕೂಡದು. ಟ್ರಿಗರಿನ ತೂಕ ಒಂದೂವರೆ ಕಿಲೋಗ್ರಾಂ ಆಸುಪಾಸಿನಲ್ಲಿದ್ದರೆ ಬೇಟೆಗೆ ಒಳ್ಳೆಯದು. ತೂಕಕ್ಕಿಂತಲೂ ಮುಖ್ಯವಾದದ್ದು, ಎಳೆಯುವಾಗ ಅದು ತಡೆತಡೆದು ತೆವಳದೆ ಒಮ್ಮೆಲೇ ಬಿಡುವುದು.

ನಿಮ್ಮ ಮೈಗೆ ರೈಫಲ್ ಹೊಂದಬೇಕು. ಬೇಟೆಗೆ ತೊಡುವ ದಪ್ಪ ಕೋಟನ್ನೇ ತೊಟ್ಟು ಹೋಗಿ, ಕಣ್ಣು ಮುಚ್ಚಿ ರೈಫಲ್ಲನ್ನು ಹೆಗಲಿಗೇರಿಸಿ, ಕಣ್ಣು ತೆರೆಯಿರಿ. ಕತ್ತು ಚಾಚದೆ, ಕೆನ್ನೆ ಎತ್ತದೆ ಟೆಲಿಸ್ಕೋಪಿನ ಪೂರ್ತಿ ನೋಟ ಸಿಗಬೇಕು. ಅಗ್ಗದ ರೈಫಲ್‌ಗಳು ಹಗುರ, ಎಷ್ಟೋ ಮಾದರಿಗಳು 3 ಕಿಲೋಗ್ರಾಂ ಆಸುಪಾಸಿನವು, ಆದ್ದರಿಂದ .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ಬಿರುಸಿನ ತೋಟಾಕ್ಕೆ ಹೋದರೆ ಹೆಗಲಿಗೆ ಬೀಳುವ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ ಅಭ್ಯಾಸ ಅಂಟಿಕೊಳ್ಳುತ್ತದೆ. 1955ರ .243 ವಿಂಚೆಸ್ಟರ್, 2007ರ 6.5 ಕ್ರೀಡ್‌ಮೋರ್, 1952ರ .308 ವಿಂಚೆಸ್ಟರ್, ಈ ಮೂರು ತೋಟಾಗಳಲ್ಲಿ ನಿಮ್ಮಲ್ಲಿ ಸುಲಭವಾಗಿ ಸಿಗುವುದನ್ನು, ನೀವು ಬೇಟೆಯಾಡುವ ಪ್ರಾಣಿಗೆ ಕಾನೂನು ಒಪ್ಪುವುದನ್ನು ಆರಿಸಿಕೊಳ್ಳಿ.

ಟೆಲಿಸ್ಕೋಪ್ ಸಮೇತ ಮಾರುವ ಜೋಡಿಯನ್ನು ನಾನಾದರೆ ಕೊಳ್ಳುವುದಿಲ್ಲ. ಬರಿಯ ರೈಫಲ್ ಕೊಂಡು, ಉಳಿದ ಹಣವನ್ನು ಟೆಲಿಸ್ಕೋಪನ್ನು ರೈಫಲ್ಲಿಗೆ ಬಿಗಿಯುವ ಗಟ್ಟಿಯಾದ ಬೇಸ್ ಮತ್ತು ರಿಂಗುಗಳಿಗೂ ಅಭ್ಯಾಸದ ತೋಟಾಗಳಿಗೂ ಇಡುವುದು ಮೇಲು. ಜೋಡಿಯನ್ನೇ ಕೊಂಡರೆ ಬೇಸಿನ ಸ್ಕ್ರೂಗಳನ್ನು ಮನೆಯಲ್ಲಿ ಬಿಚ್ಚಿ, ಎಣ್ಣೆ ಒರೆಸಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಕ್ರೂಡ್ರೈವರಿನಿಂದ ಮತ್ತೆ ಕೂಡಿಸಿ. ಬಳಸಿದ ರೈಫಲ್ಲಾದರೆ ಬೋಲ್ಟ್ ಅದೇ ರೈಫಲ್ಲಿನದೇ ಎಂದು ವಿಚಾರಿಸಿ, ನಳಿಗೆಯ ಬಾಯಂಚಿನಲ್ಲಿ ಪೆಟ್ಟು ಬಿದ್ದಿದೆಯೇ ನೋಡಿ, ಹೆಡ್‌ಸ್ಪೇಸನ್ನು ಬಂದೂಕು ದುರಸ್ತಿಗಾರರಿಂದ ಗೇಜ್ ಹಾಕಿಸಿ ಅಳೆಸುವವರೆಗೆ ಒಂದು ಗುಂಡನ್ನೂ ಹಾರಿಸಬೇಡಿ.