ಪಂಚಾಯಿತಿ ಚುನಾವಣೆಯಲ್ಲಿ ಬೆಂಬಲ ನೋಡಿ ಮತ ಹಾಕಬಹುದೇ?

ನೀವು ಕೇಳಿರುವುದು ಇಷ್ಟು: ನಿಮ್ಮ ವಾರ್ಡಿನ ಒಂದು ಸ್ಥಾನಕ್ಕೆ ಮೂವರು ನಿಂತಿದ್ದಾರೆ. ಒಬ್ಬರಿಗೆ ಶಾಸಕರ ಬೆಂಬಲವಿದೆ, ಇನ್ನೊಬ್ಬರಿಗೆ ಎದುರು ಪಕ್ಷದ ಬೆಂಬಲವಿದೆ, ಮೂರನೆಯವರ ಬೆನ್ನಿಗೆ ಯಾರೂ ಇಲ್ಲ. ಕೆಲಸ ಬಿಟ್ಟು ಈಚೆಗಷ್ಟೇ ಊರಿಗೆ ಮರಳಿರುವ ನಿಮಗೆ ಮೂವರ ಪರಿಚಯವೂ ಅಷ್ಟಕ್ಕಷ್ಟೆ. ಯಾರ ಬೆಂಬಲ ಯಾರಿಗಿದೆ ಎಂಬುದನ್ನು ನೋಡಿ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕಬಹುದೇ ಎಂಬುದು ನಿಮ್ಮ ಪ್ರಶ್ನೆ.

ಹಾಕಬೇಡಿ ಎಂದೇ ನನ್ನ ಉತ್ತರ. ಬಹಳ ಕಾಲದಿಂದ ಈ ಚುನಾವಣೆಗಳನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಬೆಂಬಲ ಘೋಷಣೆಗಳ ಮೇಲೆ ನನಗಿದ್ದ ನಂಬಿಕೆ ಪೂರ್ತಿ ಹೋಗಿದೆ. ಮತದಾನದ ಮೇಲಿನ ನಂಬಿಕೆ ಹೋಗಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ತಂದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಪಕ್ಷಗಳು ನೇರವಾಗಿಯೇ ಕಣದಲ್ಲಿದ್ದವು. ಸಂವಿಧಾನದ 73ನೇ ತಿದ್ದುಪಡಿಯ ನಂತರ ಬಂದ 1993ರ ಪಂಚಾಯತ್ ರಾಜ್ ಕಾಯ್ದೆಯ ವ್ಯವಸ್ಥೆ ಬೇರೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಲ್ಲಿ ಪಕ್ಷದ ಚಿಹ್ನೆ ಇರುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಇರುವುದಿಲ್ಲ. ಅಲ್ಲಿ ಆಟೋ, ಹೊಲಿಗೆ ಯಂತ್ರ ಮುಂತಾದ ಮುಕ್ತ ಚಿಹ್ನೆಗಳು ಮಾತ್ರ. ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಬಿ ಫಾರಂ ಎಂಬುದೇ ಇಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಲೆಕ್ಕ. ಮಕ್ಕಳನ್ನು ಬಿಟ್ಟರೆ ಒಬ್ಬ ಸದಸ್ಯರ ಪಾಲಿಗೆ ಬರುವ ಮತದಾರರು ಇನ್ನೂ ಕಡಿಮೆ.

ಈ ಲೆಕ್ಕವೇ ನನಗೆ ಮುಖ್ಯ. ಲೋಕಸಭೆಗೆ ನಿಂತವರನ್ನು ನಾನು ಜೀವನದಲ್ಲಿ ಒಮ್ಮೆಯೂ ಮಾತನಾಡಿಸದೇ ಇರಬಹುದು. ಅವರು ಎಂಥವರು ಎಂದು ತಿಳಿಯಲು ಪಕ್ಷದ ಹೆಸರೋ ದೊಡ್ಡವರ ಮಾತೋ ಬೇಕಾಗುತ್ತದೆ. ಗ್ರಾಮ ಪಂಚಾಯಿತಿಗೆ ನಿಂತವರ ಮನೆಗೆ ಐದು ನಿಮಿಷದಲ್ಲಿ ನಡೆದು ಹೋಗಬಹುದು. ಅವರು ಸಾಲ ತೀರಿಸುವ ಬಗೆ, ನೆರೆಯವರೊಂದಿಗೆ ಬದುವಿನ ತಕರಾರು ಬಂದಾಗ ನಡೆದುಕೊಂಡ ರೀತಿ, ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿದ್ದಾಗ ಮಾಡಿದ್ದು, ಮಾಡದೆ ಬಿಟ್ಟದ್ದು, ಇವೆಲ್ಲ ಊರಿಗೆ ಗೊತ್ತು. ಇಷ್ಟು ಹತ್ತಿರದವರ ಬಗ್ಗೆ ತಾಲ್ಲೂಕು ಕೇಂದ್ರದಲ್ಲಿ ಕುಳಿತ ಶಾಸಕರು ನಮಗೆ ಹೇಳುವುದು ಏನಿದೆ?

ಆದರೂ ಹೇಳುತ್ತಾರೆ. ನಾಮಪತ್ರ ವಾಪಸಾತಿಯ ದಿನ ಮುಗಿಯುತ್ತಿದ್ದಂತೆ ಮೊಬೈಲಿಗೆ ಕರಪತ್ರದ ಚಿತ್ರ ಬರುತ್ತದೆ. ಪಕ್ಷದ ಚಿಹ್ನೆ ಇಲ್ಲದಿದ್ದರೂ ಹೆಗಲ ಮೇಲಿನ ಶಾಲಿನ ಬಣ್ಣ ಎಲ್ಲವನ್ನೂ ಹೇಳುತ್ತದೆ. ನನ್ನ ಕೈಗೆ ಸಿಕ್ಕ ಒಂದು ಕರಪತ್ರದಲ್ಲಿ ಮೇಲಿನ ಅರ್ಧದಷ್ಟು ಜಾಗ ಮುಖಂಡರ ಮುಖಗಳಿಗೇ ಹೋಗಿತ್ತು. ಅದರ ಕೆಳಗೆ ತಾಲ್ಲೂಕು ಮಟ್ಟದವರ ಸಾಲು. ತೀರಾ ಕೆಳಗೆ, ಬೆರಳ ಉಗುರಿನಷ್ಟು ಅಗಲದಲ್ಲಿ, ಅಭ್ಯರ್ಥಿ. ಅದು ಮಹಿಳಾ ಮೀಸಲು ಸ್ಥಾನ. ಆ ಹೆಣ್ಣುಮಗಳ ಪಕ್ಕದಲ್ಲಿ ಆಕೆಗಿಂತ ದೊಡ್ಡದಾಗಿ ಗಂಡನ ಚಿತ್ರ, ಸಂಪರ್ಕಕ್ಕೆ ಕೊಟ್ಟಿದ್ದೂ ಗಂಡನ ಸಂಖ್ಯೆ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿರುವುದು ಈ ರಾಜ್ಯ ಮಾಡಿದ ದೊಡ್ಡ ಕೆಲಸ ಎಂದು ನಂಬಿದವನು ನಾನು. ಸ್ವಸಹಾಯ ಸಂಘ ನಡೆಸಿ ಲೆಕ್ಕಪತ್ರ ಬಲ್ಲ ಹೆಂಗಸರು ಅದೇ ವಾರ್ಡಿನಲ್ಲಿ ಇದ್ದರು. ಬೆಂಬಲ ಕೊಡುವವರು ಹುಡುಕಿದ್ದು ಅವರನ್ನಲ್ಲ, ತಮ್ಮ ಕಾರ್ಯಕರ್ತನ ಹೆಂಡತಿಯನ್ನು. ಈ ವಿಷಯದಲ್ಲಿ ನನಗೆ ಇಂದಿಗೂ ಸಿಟ್ಟಿದೆ.

ಹಾಗಾದರೆ ಇಷ್ಟು ಸಣ್ಣ ಚುನಾವಣೆಯಲ್ಲಿ ದೊಡ್ಡವರಿಗೆ ಏಕೆ ಇಷ್ಟು ಆಸಕ್ತಿ? ಎರಡು ಕಾರಣಗಳು ನನಗೆ ಸ್ಪಷ್ಟವಾಗಿ ಕಾಣುತ್ತವೆ. ವಿಧಾನಸಭಾ ಚುನಾವಣೆ ಬಂದಾಗ ಬೂತ್ ಮಟ್ಟದಲ್ಲಿ ಓಡಾಡಲು ಜನ ಬೇಕು. ಸದಸ್ಯರಾದವರು ಮನೆಮನೆಯ ಕಷ್ಟಸುಖ ಬಲ್ಲವರು. ಯಾರಿಗೆ ವಸತಿ ಯೋಜನೆಯ ಮನೆ ಬೇಕು, ಯಾರ ಆಸ್ತಿಯ ಖಾತೆ ಆಗದೆ ನಿಂತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಎರಡನೆಯ ಕಾರಣ ವಿಧಾನ ಪರಿಷತ್ತು. ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಾನಗಳು ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ ತುಂಬುತ್ತವೆ, ಅಲ್ಲಿನ ಮತದಾರರಲ್ಲಿ ಬಹುಪಾಲು ಗ್ರಾಮ ಪಂಚಾಯಿತಿ ಸದಸ್ಯರು. 2020ರ ಡಿಸೆಂಬರಿನಲ್ಲಿ ಗೆದ್ದ ಸದಸ್ಯರು 2021ರ ಡಿಸೆಂಬರಿನಲ್ಲಿ ಪರಿಷತ್ತಿನ ಆ 25 ಸ್ಥಾನಗಳಿಗೆ ಮತ ಹಾಕಿದರು. ನಿಮ್ಮ ವಾರ್ಡಿನ ಚರಂಡಿಗಾಗಿ ನೀವು ಆರಿಸುವ ವ್ಯಕ್ತಿ ಬೆಂಬಲ ಕೊಟ್ಟವರ ಲೆಕ್ಕದಲ್ಲಿ ಪರಿಷತ್ತಿನ ಒಂದು ಮತ. ಶಾಸಕರು ಒಬ್ಬ ಅಭ್ಯರ್ಥಿಯನ್ನು ಹೊಗಳಿದರೆ ಆ ಹೊಗಳಿಕೆಯಲ್ಲಿ ಇದರ ಪಾಲು ಎಷ್ಟು ಎಂದು ನೀವೇ ಯೋಚಿಸಿ.

ಈ ಬೆಂಬಲಕ್ಕೆ ಯಾವ ದಾಖಲೆಯೂ ಇಲ್ಲ ಎಂಬುದನ್ನೂ ಗಮನಿಸಬೇಕು. 2020ರಲ್ಲಿ ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆದು 30ರಂದು ಎಣಿಕೆಯಾಯಿತು. ಫಲಿತಾಂಶ ಬಂದದ್ದೇ ತಡ, ತಮ್ಮ ಬೆಂಬಲಿತರೇ ಹೆಚ್ಚು ಸ್ಥಾನ ಗೆದ್ದಿದ್ದಾರೆ ಎಂದು ಒಂದಕ್ಕಿಂತ ಹೆಚ್ಚು ಪಕ್ಷಗಳು ಹೇಳಿಕೊಂಡವು. ಚಿಹ್ನೆಯೇ ಇಲ್ಲದ ಮೇಲೆ ಯಾರ ಮಾತು ಸರಿ ಎಂದು ಪರೀಕ್ಷಿಸುವುದು ಹೇಗೆ? ಯಾರ ಹಂಗೂ ಇಲ್ಲದೆ ಗೆದ್ದವರ ಮನೆಗೆ ಅಂದು ಸಂಜೆಯೊಳಗೆ ಎರಡೂ ಕಡೆಯವರು ಹಾರ ಹಿಡಿದು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಂದಿನದು ಇನ್ನೂ ಬೇಸರದ ಸಂಗತಿ. ಪಕ್ಷದ ಚಿಹ್ನೆಯ ಮೇಲೆ ಗೆದ್ದ ಸ್ಥಳೀಯ ಸಂಸ್ಥೆಗಳ ಸದಸ್ಯರಿಗೆ ಪಕ್ಷಾಂತರ ನಿಷೇಧದ ಕಾನೂನು ಇದೆ. ಪಕ್ಷವೇ ಇಲ್ಲದ ಗ್ರಾಮ ಪಂಚಾಯಿತಿಯಲ್ಲಿ ಅದರ ಭಯವಿಲ್ಲ. ಅಧ್ಯಕ್ಷ ಸ್ಥಾನದ ಮೀಸಲಾತಿ ಪ್ರಕಟವಾದ ಕೂಡಲೇ ಸದಸ್ಯರ ಮೊಬೈಲುಗಳು ಸ್ವಿಚ್ ಆಫ್ ಆಗುತ್ತವೆ. ಅವರು ಪ್ರವಾಸದಲ್ಲಿದ್ದಾರೆ ಎಂದು ಮನೆಯವರು ಹೇಳುತ್ತಾರೆ. ವಾಹನ ಚುನಾವಣೆಯ ದಿನ ಬೆಳಿಗ್ಗೆ ನೇರವಾಗಿ ಪಂಚಾಯಿತಿ ಕಚೇರಿಯ ಮುಂದೆ ಬಂದು ನಿಲ್ಲುತ್ತದೆ. ಒಬ್ಬರ ಬೆಂಬಲದಿಂದ ಗೆದ್ದವರು ಇನ್ನೊಬ್ಬರ ಕಡೆಯವರಿಗೆ ಮತ ಹಾಕುವುದೂ ಉಂಟು. ಅಧ್ಯಕ್ಷರ ಅವಧಿ 30 ತಿಂಗಳು, ಹಾಗಾಗಿ ಐದು ವರ್ಷದಲ್ಲಿ ಈ ಆಟ ಎರಡು ಬಾರಿ ನಡೆಯುತ್ತದೆ. ನೀವು ಬೆಂಬಲ ನೋಡಿ ಮತ ಹಾಕಿದರೆ, ಆ ಬೆಂಬಲ ಅಧ್ಯಕ್ಷರ ಆಯ್ಕೆಯವರೆಗಾದರೂ ಉಳಿಯುತ್ತದೆ ಎಂಬ ಖಾತರಿ ಇಲ್ಲ.

ಬೆಂಬಲದಿಂದ ಗೆದ್ದವರು ಊರಿಗೆ ಹೇಗೆ ಉತ್ತರ ಕೊಡುತ್ತಾರೆ ಎಂಬುದಕ್ಕೆ ಒಂದು ವಾರ್ಡ್ ಸಭೆಯ ಮಾತು ಹೇಳುತ್ತೇನೆ. ಬೇಸಿಗೆಯ ಮೊದಲ ದಿನಗಳು. ಕೊಳವೆಬಾವಿಯ ಮೋಟಾರು ಸುಟ್ಟುಹೋಗಿ ನಮ್ಮ ಬೀದಿಗೆ ನೀರು ನಿಂತಿತ್ತು. ಶಾಲೆಯ ಜಗುಲಿಯಲ್ಲಿ ಸಭೆ. ಬಂದವರಲ್ಲಿ ಹೆಂಗಸರೇ ಹೆಚ್ಚು. ಒಬ್ಬ ಅಜ್ಜಿ ಎದ್ದು ನಿಂತು, "ಮೋಟಾರು ಯಾವಾಗ ಬರುತ್ತದಪ್ಪ?" ಎಂದು ಸದಸ್ಯರನ್ನು ಕೇಳಿದರು. "ಶಾಸಕರ ಗಮನಕ್ಕೆ ತಂದಿದ್ದೇನೆ ಅಜ್ಜಿ, ಅವರು ಹೇಳಿದ ಮೇಲೆ ಆಗುತ್ತದೆ" ಎಂದರು ಸದಸ್ಯರು. ಅಜ್ಜಿ ಕೂರಲಿಲ್ಲ. "ನಾವು ಮತ ಹಾಕಿದ್ದು ನಿನಗೆ, ಅವರನ್ನು ಏಕೆ ಕೇಳಬೇಕು?" ಎಂದರು. ಸದಸ್ಯರ ಬಳಿ ಉತ್ತರ ಇರಲಿಲ್ಲ. ಮೋಟಾರು ದುರಸ್ತಿ ಮಾಡಿಸುವುದು ಗ್ರಾಮ ಪಂಚಾಯಿತಿಯದೇ ಕೆಲಸ. ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರಿಗೆ ಖರ್ಚು ಮಾಡಲು ಅವಕಾಶವಿದೆ, ಪಂಚಾಯಿತಿಯ ಸ್ವಂತ ತೆರಿಗೆಯೂ ಇದೆ. ವರ್ಷದ ಕೆಲಸಗಳ ಪಟ್ಟಿಯಾದ ಕ್ರಿಯಾ ಯೋಜನೆಯಲ್ಲಿ ಸೇರಿಸಿ ಸಭೆಯಲ್ಲಿ ಒಪ್ಪಿಗೆ ಪಡೆಯಬೇಕು, ಅಷ್ಟೇ. ಪಕ್ಕದ ವಾರ್ಡಿನವರು ಹಾಗೆಯೇ ಮಾಡಿಸಿಕೊಂಡಿದ್ದರು. ನಮ್ಮ ಸದಸ್ಯರಿಗೆ ಅದು ತಿಳಿದಿರಲಿಲ್ಲವೆಂದಲ್ಲ. ಮೇಲಿನವರ ಬಾಯಿಂದ ಹೇಳಿಸದೆ ಹೆಜ್ಜೆ ಇಡುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ಕರಪತ್ರದ ಮೇಲ್ಭಾಗದಲ್ಲಿದ್ದವರಿಗೆ ಅವರು ಋಣಿ, ಜಗುಲಿಯಲ್ಲಿ ಕುಳಿತವರಿಗಲ್ಲ.

ಪಕ್ಷಗಳು ಮಾತ್ರವಲ್ಲ, ಜಾತಿ ಸಂಘಗಳ ಪದಾಧಿಕಾರಿಗಳು, ಊರಿನ ಯಜಮಾನರು, ಕೆಲವೆಡೆ ಮಠಗಳೂ ಈ ಕೆಲಸಕ್ಕೆ ಇಳಿಯುತ್ತವೆ. "ಊರೆಲ್ಲ ಸೇರಿ ಒಬ್ಬರನ್ನು ಒಪ್ಪಿದ್ದೇವೆ, ಅವಿರೋಧವಾಗಲಿ" ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಊರೆಲ್ಲ ಎಂದರೆ ಯಾರು, ಕೇರಿಯವರನ್ನು ಕರೆದಿದ್ದರೇ, ಹೆಂಗಸರು ಇದ್ದರೇ ಎಂದು ಕೇಳಿ ನೋಡಿ. 2020ರ ಚುನಾವಣೆಯ ಹೊತ್ತಿಗೆ ಹಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿಗಳು ಬಂದವು. ಹಣ ದೇವಸ್ಥಾನಕ್ಕೆ ಎಂದು ಹೇಳಿದರೂ ಅದು ಅಪರಾಧವೇ, ಮತದಾರರ ಹಕ್ಕನ್ನು ಮಾರಿದ್ದೇ.

ನನ್ನ ಗೆಳೆಯರೊಬ್ಬರ ವಾದ ಬೇರೆ. ಕೇರಳದಲ್ಲಿ, ಪಶ್ಚಿಮ ಬಂಗಾಳದಲ್ಲಿ ಗ್ರಾಮ ಪಂಚಾಯಿತಿಗೂ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆಯುತ್ತದೆ; ಕದ್ದುಮುಚ್ಚಿ ಬೆಂಬಲ ಕೊಡುವುದಕ್ಕಿಂತ ಅದೇ ಮೇಲು, ಕೆಲಸ ಕೆಟ್ಟರೆ ಪಕ್ಷವನ್ನೇ ಹೊಣೆ ಮಾಡಬಹುದು ಎನ್ನುತ್ತಾರೆ. ವಾದದಲ್ಲಿ ಹುರುಳಿದೆ. ಇಂದಿನ ನಮ್ಮ ಸ್ಥಿತಿಯಲ್ಲಿ ಪಕ್ಷಕ್ಕೆ ಗೆಲುವಿನ ಶ್ರೇಯಸ್ಸು ಸಿಗುತ್ತದೆ, ಸೋಲಿನ ಹೊಣೆ ಅಂಟುವುದಿಲ್ಲ. ಆದರೂ ನಾನು ಒಪ್ಪುವುದಿಲ್ಲ. ಪಕ್ಷಗಳ ಚಿಹ್ನೆ ಇರುವ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲೇ ಆಡಳಿತ ಉಳಿಯಿತು, ಆ ಅವಧಿಯಲ್ಲಿ ಸರ್ಕಾರ ಒಂದು ಪಕ್ಷದಿಂದ ಇನ್ನೊಂದಕ್ಕೆ ಬದಲಾದರೂ ಚುನಾವಣೆ ಬರಲಿಲ್ಲ. ಸ್ಥಳೀಯ ಆಡಳಿತದ ಮೇಲೆ ಪಕ್ಷಗಳಿಗೆ ಇರುವ ಅಕ್ಕರೆ ಇಷ್ಟಾದರೆ, ಉಳಿದಿರುವ ಒಂದು ಹಂತವನ್ನೂ ಅವುಗಳ ಕೈಗೆ ಒಪ್ಪಿಸಲು ನನಗೆ ಮನಸ್ಸಿಲ್ಲ.

ಮೂರನೆಯವರ ಬಗ್ಗೆಯೂ ಒಂದು ಮಾತು. ಬೆನ್ನಿಗೆ ಯಾರೂ ಇಲ್ಲ ಎಂಬುದೇ ಅರ್ಹತೆ ಆಗಿಬಿಡುವುದಿಲ್ಲ. ಎರಡೂ ಕಡೆ ಬೆಂಬಲ ಕೇಳಿ ಸಿಗದೆ ನಿಂತವರೂ ಇರುತ್ತಾರೆ. ಅವರನ್ನೂ ಉಳಿದ ಇಬ್ಬರಂತೆಯೇ ನೋಡಿ.

ಹೇಗೆ ನೋಡುವುದು? ಮೂವರ ಮನೆಗೂ ಹೋಗಿ ಒಂದೇ ಪ್ರಶ್ನೆ ಕೇಳಿ: ನಮ್ಮ ವಾರ್ಡಿಗೆ ಹಿಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಏನು ಸೇರಿತ್ತು, ಅದರಲ್ಲಿ ಏನು ಆಯಿತು? ಉತ್ತರ ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ತಿಳಿದುಕೊಂಡು ಹೇಳುತ್ತೇನೆ ಎಂದವರು ಎರಡು ದಿನದಲ್ಲಿ ಹೇಳುತ್ತಾರೋ ನೋಡಿ. "ಅದೆಲ್ಲ ನಮ್ಮ ನಾಯಕರು ನೋಡಿಕೊಳ್ಳುತ್ತಾರೆ" ಎಂದವರಿಗೆ ನಾನಾದರೆ ಮತ ಹಾಕುವುದಿಲ್ಲ. ವಾರ್ಡ್ ಸಭೆಗೆ, ಗ್ರಾಮಸಭೆಗೆ ಈ ಮೊದಲು ಬಂದಿದ್ದರೇ ಎಂದು ನೀರುಗಂಟಿಯನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ವಿಚಾರಿಸಿ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ತಿಳಿದಿರುತ್ತದೆ. ಮೂವರಲ್ಲಿ ಯಾರಾದರೂ ಹಿಂದೆ ಸದಸ್ಯರಾಗಿದ್ದರೆ ಪಂಚಾಯಿತಿಗೆ ಹೋಗಿ ಸಭೆಯ ನಡಾವಳಿ ಪುಸ್ತಕ ತೋರಿಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ಎಷ್ಟು ಸಭೆಗಳಿಗೆ ಸಹಿ ಬಿದ್ದಿದೆ, ನಿಮ್ಮ ಬೀದಿಯ ಹೆಸರು ಎಲ್ಲಾದರೂ ಬಂದಿದೆಯೇ ಎಂದು ನೋಡಿ. ತೋರಿಸಲು ಒಪ್ಪದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಉತ್ತರಕ್ಕೆ ಅವರಿಗೆ 30 ದಿನಗಳ ಕಾಲಾವಕಾಶ ಇರುವುದರಿಂದ, ಮತದಾನದ ದಿನಕ್ಕೆ ಮೊದಲೇ ಕೈಗೆ ಸಿಗಬೇಕೆಂದರೆ ಇಂದೇ ಹೊರಡುವುದು ಒಳ್ಳೆಯದು.