ಮೂರು ರಾತ್ರಿ ಬೇಡ ಅಕ್ಕೋರೇ, ಎರಡು ಸಾಕು

ಶಿರಸಿ ಹತ್ತಿರದ ಹಳ್ಳಿಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಅಪ್ಪ-ಅಮ್ಮನ ಮದುವೆಗೆ ನಲವತ್ತು ವರ್ಷ ತುಂಬಿತೆಂದು ಬೆಂಗಳೂರಿನ ಮಕ್ಕಳು ಶ್ರೀನಗರದ ದಾಲ್ ಸರೋವರದಲ್ಲಿ ಹೌಸ್‌ಬೋಟ್ ಬುಕ್ ಮಾಡಲು ಹೊರಟಿದ್ದಾರಂತೆ. ಜನವರಿಯಲ್ಲಿ, ಮೂರು ರಾತ್ರಿಗೆ. "ತದಡಿಯಲ್ಲಿ ತಾರಿ ದೋಣಿ ಹತ್ತಿ ಹೊಳೆ ದಾಟುವಾಗಲೇ ನನಗೆ ಹೊಟ್ಟೆ ತೊಳಸುತ್ತದೆ. ದೋಣಿಯಲ್ಲಿ ಮೂರು ರಾತ್ರಿ ಮಲಗುವುದು ಹೇಗೆ? ಊಟದ ಕಥೆ ಏನು? ಅಷ್ಟಕ್ಕೂ ನೀರು ನೋಡೋಕೆ ಅಷ್ಟು ದೂರ ಯಾಕೆ, ನಮ್ಮ ಅಘನಾಶಿನಿ ಹೊಳೆ ಇಲ್ವಾ?" ಅಂತ ಕೇಳಿದ್ದಾರೆ.

ಅಕ್ಕೋರೇ, ಮೊದಲು ಹೊಟ್ಟೆಯ ವಿಷಯ ಮುಗಿಸೋಣ. ಆ ದೋಣಿ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ತಲೆಯಲ್ಲಿ ಇರುವುದು ಕೇರಳದ ಆಲಪ್ಪುಳದ ಹೌಸ್‌ಬೋಟ್ ಇರಬೇಕು, ಇಂಜಿನ್ ಹಾಕಿಕೊಂಡು ಹಿನ್ನೀರಲ್ಲಿ ಸುತ್ತುವುದು. ಕಾಶ್ಮೀರದ್ದು ಬೇರೆಯೇ. ದಡದ ಪಕ್ಕ ಕಟ್ಟಿ ನಿಲ್ಲಿಸಿದ ಮರದ ಮನೆ ಅದು. ಪಕ್ಕದಲ್ಲಿ ಮೋಟಾರು ದೋಣಿ ಹೋದರೆ ಸ್ವಲ್ಪ ಅಲುಗುತ್ತದೆ, ಅಷ್ಟೇ. ದಾಲ್ ತುಂಬ ಆಳದ ಸರೋವರವೂ ಅಲ್ಲ, ಆಳ ಜಾಸ್ತಿ ಇರುವಲ್ಲೂ 6 ಮೀಟರ್ ಆಸುಪಾಸು. ಹೊಟ್ಟೆ ತೊಳಸಿದರೆ ಅದು ಶ್ರೀನಗರದವರೆಗಿನ ರಸ್ತೆಯ ತಿರುವಿನಲ್ಲಿ ತೊಳಸೀತು, ಹೌಸ್‌ಬೋಟ್‌ನಲ್ಲಿ ಅಲ್ಲ.

ನೀರಿನ ಮೇಲೆ ಮನೆ ಯಾಕೆ ಕಟ್ಟಿದರು ಅನ್ನುವುದೂ ಒಂದು ತಮಾಷೆ. ಬೇಸಿಗೆಗೆ ಅಲ್ಲಿಗೆ ಬರುತ್ತಿದ್ದ ಬ್ರಿಟಿಷರಿಗೆ ಕಾಶ್ಮೀರದ ಮಹಾರಾಜರು ಜಾಗ ಕೊಳ್ಳಲು ಬಿಡಲಿಲ್ಲ. ನೆಲ ಇಲ್ಲದಿದ್ದರೆ ನೀರಾದರೂ ಇದೆಯಲ್ಲ ಅಂತ 19ನೇ ಶತಮಾನದ ಕೊನೆಯ ಹೊತ್ತಿಗೆ ದೋಣಿಯ ಮೇಲೆಯೇ ಬಂಗಲೆ ಕಟ್ಟಿಸಿಕೊಂಡರು. ಈಗ ಇವು ಹಾಂಜಿಗಳು ಅನ್ನುವ ಅಲ್ಲಿನ ದೋಣಿಯವರ ಕಸುಬು. ದೇವದಾರು ಮರದ ಮೈ, ಮುಂದೆ ಕೆತ್ತನೆಯ ಜಗಲಿ, ಒಳಗೆ ಸಾಲಾಗಿ ಕೋಣೆಗಳು. ಮಲಗಿಕೊಂಡು ತಲೆಯ ಮೇಲೆ ನೋಡಿ. ಸಣ್ಣಸಣ್ಣ ಮರದ ತುಂಡುಗಳನ್ನು ಮೊಳೆ ಇಲ್ಲದೆ ಒಂದಕ್ಕೊಂದು ಕೂಡಿಸಿದ ಒಳಛಾವಣಿ, ಖತಂಬಂದ್ ಅಂತಾರೆ. ನಮ್ಮ ಗುಡಿಗಾರರ ಗಂಧದ ಕೆಲಸ ನೋಡಿ ಬೆಳೆದ ನಿಮಗೆ ಆ ಮರಗೆಲಸದ ಬೆಲೆ ಬೇರೆಯವರಿಗಿಂತ ಜಾಸ್ತಿ ಗೊತ್ತಾಗುತ್ತದೆ.

ಆದರೆ ಜನವರಿ ಬೇಡವೇ ಬೇಡ. ಡಿಸೆಂಬರ್ 21ರಿಂದ ಸುಮಾರು ನಲವತ್ತು ದಿನ ಅಲ್ಲಿ ಚಿಲ್ಲೈ ಕಲಾನ್, ಚಳಿಯ ಕಡುಕಾಲ. ಸರೋವರದ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ನಲ್ಲಿಯ ನೀರು ಪೈಪಿನಲ್ಲೇ ನಿಂತುಬಿಡುತ್ತದೆ. ನಾನು ಮೊದಲ ಸಲ ಹೋದದ್ದು ಅಂಥ ದಿನಗಳಲ್ಲೇ. ಬುಖಾರಿ ಅನ್ನುವ ಕಟ್ಟಿಗೆ ಒಲೆಯ ಮುಂದೆ ಕೂತು, ಕಂಬಳಿ ಹೊದ್ದು, ಬಚ್ಚಲಿಗೆ ಹೋಗಬೇಕಲ್ಲಪ್ಪ ಅನ್ನುವ ಚಿಂತೆಯಲ್ಲೇ ಎರಡು ದಿನ ಕಳೆದೆ. ಮಂಡಿನೋವು ಇದೆ ಅಂತ ನೀವೇ ಬರೆದಿದ್ದೀರಿ. ಅಡಿಕೆ ಕೊಯ್ಲು, ಒಣಗಿಸುವುದು ಎಲ್ಲ ಮುಗಿಸಿ ಏಪ್ರಿಲ್‌ನಲ್ಲಿ ಹೋಗಿ. ಟ್ಯೂಲಿಪ್ ತೋಟವೂ ಆಗ ತೆರೆದಿರುತ್ತದೆ. ರಾತ್ರಿ ಸ್ವೆಟರ್ ಮಾತ್ರ ಬೇಕು.

ಇನ್ನೊಂದು, ದಾಲ್ ಬದಲು ನಿಗೀನ್ ಕೇಳಿ. ದಾಲ್‌ಗೆ ಸೇರಿಕೊಂಡೇ ಇರುವ ಚಿಕ್ಕ ಸರೋವರ ಅದು. ದಾಲ್ ದಡದ ಬುಲವಾರ್ಡ್ ರಸ್ತೆಯ ಎದುರಿನ ಹೌಸ್‌ಬೋಟ್‌ಗಳಲ್ಲಿ ರಾತ್ರಿಯೂ ಕಾರಿನ ಹಾರನ್ನು ಕೇಳುತ್ತದೆ. ಅದಕ್ಕೆ ಶಿರಸಿ ಬಸ್ ಸ್ಟ್ಯಾಂಡೇ ಸಾಕಲ್ವಾ! ನಿಗೀನ್‌ನಲ್ಲಿ ಗಲಾಟೆ ಕಡಿಮೆ. ಫೋಟೋ ನೋಡಿ ದುಡ್ಡು ಕಟ್ಟಬೇಡಿ. ನನಗೆ ಒಬ್ಬ ಏಜೆಂಟ್ ತೋರಿಸಿದ್ದು ಒಂದು ದೋಣಿ, ಘಾಟಿನಲ್ಲಿ ಹತ್ತಿಸಿದ್ದು ಇನ್ನೊಂದು. ವಿಡಿಯೋ ಕಾಲ್ ಮಾಡಿ ಕೋಣೆ ತೋರಿಸಲು ಮಕ್ಕಳೇ ಕೇಳಲಿ. ದಡಕ್ಕೆ ಹೋಗಿಬರುವ ಶಿಕಾರಾ ಅನ್ನುವ ಸಣ್ಣ ದೋಣಿಯ ಬಾಡಿಗೆ ಅದರಲ್ಲೇ ಸೇರಿದೆಯಾ, ಶೌಚದ ನೀರು ಎಲ್ಲಿಗೆ ಹೋಗುತ್ತದೆ, ಬೆಂಕಿ ಆರಿಸುವ ಸಾಮಾನು ಇದೆಯಾ, ಇದನ್ನೂ ಕೇಳಲಿ. ಶೌಚದ ಪ್ರಶ್ನೆ ಸುಮ್ನೆ ಅಲ್ಲ. ಎಷ್ಟೋ ದಶಕ ಅದೆಲ್ಲ ನೇರ ಸರೋವರಕ್ಕೇ ಹೋಗುತ್ತಿತ್ತು. ಬೆಂಕಿಯದೂ ಹಾಗೆಯೇ. 2023ರ ನವೆಂಬರ್‌ನಲ್ಲಿ ಬೆಳಗಿನ ಜಾವ ಒಂದು ದೋಣಿಗೆ ಹತ್ತಿದ ಬೆಂಕಿ ಪಕ್ಕದವಕ್ಕೂ ಹಬ್ಬಿ ಬಾಂಗ್ಲಾದೇಶದ ಮೂವರು ಪ್ರವಾಸಿಗರು ತೀರಿಕೊಂಡರು. ಇಡೀ ಮನೆಯೇ ಒಣ ಮರ ನೋಡಿ.

ಪಹಲ್ಗಾಮ್‌ನ ಹೆಸರನ್ನು ನೀವು ಬರೆದಿಲ್ಲ. ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. 2025ರ ಏಪ್ರಿಲ್ 22ರಂದು ಅಲ್ಲಿ ಉಗ್ರರ ದಾಳಿಯಲ್ಲಿ ಸತ್ತ 26 ಜನರಲ್ಲಿ ನಮ್ಮ ಪಕ್ಕದ ಶಿವಮೊಗ್ಗದವರೂ ಇದ್ದರು. ಏನೂ ಆಗಲ್ಲ ಹೋಗಿಬನ್ನಿ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಹೊರಡುವ ವಾರದ ಸುದ್ದಿ ನೋಡಿ, ವಾಪಸ್ ದುಡ್ಡು ಸಿಗುವಂಥ ಟಿಕೆಟ್ ಮಾಡಿಸಿ.

ಊಟಕ್ಕೆ ತೊಂದರೆ ಇಲ್ಲ, ಮೊದಲೇ ಹೇಳಿಟ್ಟರೆ ರಾಜ್ಮಾ, ಹಾಕ್ ಅನ್ನುವ ಸೊಪ್ಪು, ನದ್ರು ಅಂದರೆ ತಾವರೆ ದಂಟು ಮಾಡಿಕೊಡುತ್ತಾರೆ. ಮಾಂಸದ ಅಡುಗೆಯೂ ಅದೇ ಒಲೆಯಲ್ಲೇ ಆಗುತ್ತದೆ. ಯಜಮಾನರಿಗೆ ಅದು ಆಗದಿದ್ದರೆ ದಡದಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲುಗಳಿವೆ. ಕೇಸರಿ, ಏಲಕ್ಕಿ, ದಾಲ್ಚಿನ್ನಿ ಹಾಕಿದ ಕಹ್ವಾ ಅನ್ನುವ ಚಹಾ ಕುಡಿದು ನೋಡಿ. ನಮ್ಮ ಕಷಾಯದ ರುಚಿ ಹುಡುಕಬೇಡಿ, ಅದಕ್ಕೆ ಹಾಲು ಹಾಕುವುದಿಲ್ಲ.

ಇನ್ನು ಅಘನಾಶಿನಿ ಇರುವಾಗ ಅಷ್ಟು ದೂರ ಯಾಕೆ ಅನ್ನುವುದು. ನೀರು ನೋಡಲಿಕ್ಕೇ ಆದರೆ ಬೇಕಾಗಿಲ್ಲ. ಆದರೆ ಒಂದು ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಶಿಕಾರಾದಲ್ಲಿ ತರಕಾರಿ ಸಂತೆಗೆ ಹೋಗಿ. ದೋಣಿಯಿಂದ ದೋಣಿಗೆ ವ್ಯಾಪಾರ, ಬಿಸಿಲೇರುವ ಹೊತ್ತಿಗೆ ಎಲ್ಲ ಖಾಲಿ. ಆ ತರಕಾರಿ ಬೆಳೆಯುವುದು ಜೊಂಡು, ಪಾಚಿ ಹೆಣೆದು ಮಾಡಿದ ತೇಲುವ ತೋಟದಲ್ಲಿ. ಹಿಂದೆ ಕಳ್ಳರು ರಾತ್ರಿ ಬಂದು ಆ ತೋಟವನ್ನೇ ಎಳೆದುಕೊಂಡು ಹೋಗುತ್ತಿದ್ದರಂತೆ. ಅಡಿಕೆ ಗೊನೆ ಕದಿಯುವುದಕ್ಕೇ ನಾವು ಬೊಬ್ಬೆ ಹೊಡೆಯುತ್ತೇವೆ! ಇದೊಂದು ಬೆಳಿಗ್ಗೆ, ಇನ್ನೊಂದು ಸಂಜೆ ಜಗಲಿಯಲ್ಲಿ ಸುಮ್ಮನೆ ಕೂರಲಿಕ್ಕೆ. ಆಮೇಲೆ ಅಲ್ಲಿ ಮಾಡಲು ಏನೂ ಇಲ್ಲ, ಶಾಲು-ಕೇಸರಿ ಮಾರುವವರು ಮಾತ್ರ ದೋಣಿ ಹತ್ತಿ ಬರುತ್ತಿರುತ್ತಾರೆ. ಅದಕ್ಕೇ ಎರಡು ರಾತ್ರಿ ಸಾಕು ಅಂದಿದ್ದು. ಮೂರನೆಯದು ದಡದ ಹೋಟೆಲಿನಲ್ಲಿರಲಿ, ಶಾಲಿಮಾರ್, ನಿಶಾತ್ ತೋಟ ನೋಡಲು ಅನುಕೂಲ.

ವಿಮಾನ ಆಗದಿದ್ದರೆ ಕಾರವಾರದಿಂದ ದೆಹಲಿಗೆ ಮಂಗಳಾ ಎಕ್ಸ್‌ಪ್ರೆಸ್ ಇದೆ. ಅಲ್ಲಿಂದ ಕಟ್ರಾ, 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ನಡುವೆ ವಂದೇ ಭಾರತ್ ಓಡುತ್ತಿದೆ. ಚೆನಾಬ್ ನದಿಯ ಮೇಲೆ 359 ಮೀಟರ್ ಎತ್ತರದ ಸೇತುವೆ ಬರುತ್ತದೆ. ಅದನ್ನು ಕಟ್ಟಿಸಿದ್ದು ನಮ್ಮ ಕೊಂಕಣ ರೈಲ್ವೆಯೇ. ಈ ದಾರಿಯಲ್ಲಿ ಹೋದರೆ ಆ ತಿರುವುಗಳ ಕಾಟವೂ ಇಲ್ಲ. ಮೊಬೈಲ್ ಮಾತ್ರ ಪೋಸ್ಟ್‌ಪೇಯ್ಡ್ ಇರಲಿ, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದಾ ಅಂತ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ. ಧಾರಾಳ ಒಯ್ಯಿರಿ. ಎರಡು ಬಾಟಲಿ ಇರಲಿ, ಒಂದು ಹೌಸ್‌ಬೋಟ್‌ನವರ ಮನೆಗೆ.

- ಸಂಪಾದಕ